ಬೋಡು, ಬೊಡ್ಚಿ, ಯಾವು: ಊರು ಬಿಟ್ಟ ಮನೆಯಲ್ಲಿ ತುಳು ಉಳಿಸಿಕೊಳ್ಳುವುದು ಹೇಗೆ

ನನ್ನ ಅಮ್ಮ ಬೆಳ್ತಂಗಡಿ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ದಿನಾ ರಾತ್ರಿ ಎಂಟೂವರೆಗೆ ಬೆಂಗಳೂರಿಗೆ ಫೋನ್ ಮಾಡುತ್ತಾರೆ. "ಒಣಸ್ ಆಂಡಾ ಮಗಾ?" ಅಂತ ಮೊಮ್ಮಗಳನ್ನು ಕೇಳುತ್ತಾರೆ. ಊಟ ಆಯ್ತಾ ಅಂತ. ಮಗಳಿಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಉತ್ತರ ಬರುವುದು ಕನ್ನಡದಲ್ಲಿ: "ಆಯ್ತು ಅಜ್ಜಿ, ನಿಮ್ದು?" ಆಗ ಅಮ್ಮನೂ ಕನ್ನಡಕ್ಕೆ ಬರುತ್ತಾರೆ. ಅಮ್ಮನ ಕನ್ನಡ ಶಾಲೆಯಲ್ಲಿ ಕಲಿತದ್ದು, ಪುಸ್ತಕದ ಹಾಗೆ ಶುದ್ಧವಾಗಿರುತ್ತದೆ. ಆ ಕನ್ನಡದಲ್ಲಿ ಅವರು ಜಾಸ್ತಿ ನಗುವುದಿಲ್ಲ. ಮೂರು ನಿಮಿಷಕ್ಕೆ ಮಾತು ಮುಗಿದುಹೋಗುತ್ತದೆ.

ಇದು ಎರಡು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಏಳು ವರ್ಷ. ಅರ್ಥವಾಗುತ್ತದೆ, ಆದರೆ ಮಾತಾಡುವುದಿಲ್ಲ. ಮನೆಮಾತಿನ ಎಳೆ ಕಡಿಯುವುದು ಈ ಜಾಗದಲ್ಲೇ. ಇಂಥ ಮಗು ದೊಡ್ಡದಾಗಿ ತಾಯಿಯೋ ತಂದೆಯೋ ಆದಾಗ ಅದರ ಮಗುವಿಗೆ ಅರ್ಥವಾಗುವುದೂ ನಿಂತುಹೋಗುತ್ತದೆ. ಅಜ್ಜಿಯಿಂದ ಮೊಮ್ಮಗಳಿಗೆ, ಎರಡೇ ತಲೆಮಾರಿನಲ್ಲಿ ಸಾವಿರಾರು ವರ್ಷದ ಮಾತು ಒಂದು ಮನೆಯಿಂದ ಹೊರಟುಹೋಗುತ್ತದೆ.

ತುಳು ಆಡುವವರು ಕಡಿಮೆಯೇನಿಲ್ಲ. 2011ರ ಜನಗಣತಿಯಲ್ಲಿ 18,46,427 ಜನ ತುಳು ತಮ್ಮ ತಾಯ್ನುಡಿ ಅಂದಿದ್ದಾರೆ. 2001ರಲ್ಲಿ ಇದು 17,22,768 ಇತ್ತು. ಆದರೆ ಪಕ್ಕದ ಕೊಡಗನ್ನು ನೋಡಿ. ಅಲ್ಲಿನ ಕೊಡವ ತಕ್ಕ್ ಅದೇ ಹತ್ತು ವರ್ಷದಲ್ಲಿ 1,66,187ರಿಂದ 1,13,857ಕ್ಕೆ ಇಳಿಯಿತು. ಅಂಕಿ ಎಷ್ಟು ಬೇಗ ಕರಗಬಹುದು ಅಂತ ತಿಳಿಯಲು ಇಷ್ಟು ಸಾಕು. ಕೊಡವ, ಕೊಂಕಣಿ, ಬ್ಯಾರಿ, ಅರೆಭಾಷೆ, ಹವ್ಯಕ, ಸಂಕೇತಿ ಹೀಗೆ ಯಾವ ಮನೆಮಾತಿನವರಾದರೂ ಕೆಳಗಿನ ಹೆಜ್ಜೆಗಳನ್ನು ನಿಮ್ಮ ಮಾತಿಗೆ ಹೊಂದಿಸಿಕೊಳ್ಳಬಹುದು. ನಾನು ತುಳುವಿನಲ್ಲೇ ಉದಾಹರಣೆ ಕೊಡುತ್ತೇನೆ. ನಾನು ಸೋತು, ಮತ್ತೆ ಕಲಿತದ್ದು ಅದರಲ್ಲೇ.

ಹೆಜ್ಜೆ 1: ಒಂದು ವಾರ ಸುಮ್ನೆ ಲೆಕ್ಕ ಬರೆಯಿರಿ

ಮೊದಲ ವಾರ ಏನೂ ಬದಲಿಸಬೇಡಿ. ಅಡುಗೆಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಬೆಳಗ್ಗೆ ಎಬ್ಬಿಸುವಾಗ, ಸ್ನಾನ ಮಾಡಿಸುವಾಗ, ತಿಂಡಿ ಕೊಡುವಾಗ, ಹೋಂವರ್ಕ್ ಮಾಡಿಸುವಾಗ, ಬೈಯುವಾಗ, ಮುದ್ದು ಮಾಡುವಾಗ, ಮಲಗಿಸುವಾಗ ಯಾರು ಯಾರ ಜೊತೆ ಯಾವ ಭಾಷೆಯಲ್ಲಿ ಮಾತಾಡಿದಿರಿ ಅಂತ ರಾತ್ರಿ ಎರಡು ಸಾಲು ಬರೆಯಿರಿ.

ನನ್ನ ಲೆಕ್ಕ ನೋಡಿ ನನಗೆ ಅಳು ಬಂತು. ನಮ್ಮ ಮನೆಯಲ್ಲಿ ತುಳು ಎರಡೇ ಕೆಲಸಕ್ಕೆ ಬಳಕೆಯಾಗುತ್ತಿತ್ತು. ಒಂದು, ನನಗೆ ಸಿಟ್ಟು ಬಂದಾಗ ಮಗಳನ್ನು ಬೈಯಲು. ಇನ್ನೊಂದು, ಮಕ್ಕಳಿಗೆ ತಿಳಿಯಬಾರದ್ದನ್ನು ಅಕ್ಕನ ಜೊತೆ ಫೋನಿನಲ್ಲಿ ಮಾತಾಡಲು. ಬೈಗುಳ ಮತ್ತು ಗುಟ್ಟು. ಈ ಭಾಷೆ ನಿನ್ನದಲ್ಲ ಅಂತ ಮಗುವಿಗೆ ನಾನೇ ದಿನಾ ಹೇಳಿಕೊಟ್ಟ ಹಾಗಾಗಿತ್ತು. ಮುದ್ದು ಮಾಡುತ್ತಿದ್ದುದು, ಕತೆ ಹೇಳುತ್ತಿದ್ದುದು ಕನ್ನಡದಲ್ಲಿ. ಶಭಾಷ್ ಅನ್ನುತ್ತಿದ್ದುದು ಇಂಗ್ಲಿಷಿನಲ್ಲಿ.

ನಿಮ್ಮ ಮನೆಯ ಲೆಕ್ಕ ಬೇರೆ ಇರಬಹುದು. ಆದರೂ ಬರೆಯಿರಿ. "ನಾವು ಮನೆಯಲ್ಲಿ ತುಳುವೇ ಮಾತಾಡೋದು" ಅನ್ನುವ ಬಹಳ ಮನೆಗಳಲ್ಲಿ ಗಂಡ ಹೆಂಡತಿ ತಮ್ಮೊಳಗೆ ತುಳು ಆಡುತ್ತಾರೆ, ಮಗುವಿನ ಕಡೆ ತಿರುಗಿದ ಕೂಡಲೇ ಕನ್ನಡವೋ ಇಂಗ್ಲಿಷೋ ಬರುತ್ತದೆ. ಮಗುವಿನ ಮುಖ ನೋಡಿ ಆಡಿದ ಮಾತು ಮಾತ್ರ ಈ ಲೆಕ್ಕಕ್ಕೆ ಸೇರುತ್ತದೆ.

ಹೆಜ್ಜೆ 2: ಭಾಷೆಗೆ ಒಂದು ಕೆಲಸ ಕೊಡಿ

ನಾಳೆಯಿಂದ ಮನೆಯಲ್ಲಿ ಪೂರ್ತಿ ತುಳು ಅಂತ ಹೊರಡಬೇಡಿ. ನಾನೂ ಹಾಗೆ ಹೊರಟೆ. ನಾಲ್ಕು ದಿನ ನಡೆಯಿತು, ಐದನೇ ದಿನ ಎಲ್ಲರಿಗೂ ಸುಸ್ತು. ದಿನದಲ್ಲಿ ಒಂದೇ ಒಂದು ಕೆಲಸ ಆರಿಸಿಕೊಳ್ಳಿ. ಆ ಕೆಲಸ ನಿಮ್ಮ ಮನೆಮಾತಿನಲ್ಲಿ ಮಾತ್ರ ನಡೆಯಬೇಕು, ದಿನಾ ನಡೆಯಬೇಕು, ಮಗುವಿಗೆ ಅದು ಬೇಕಾಗಿರಬೇಕು.

ನಾವು ಆರಿಸಿಕೊಂಡದ್ದು ರಾತ್ರಿ ಊಟ. ಬಡಿಸುವಾಗ ಬೇಕಾಗುವ ಮಾತು ನಾಲ್ಕೇ ನಾಲ್ಕು. ಬೋಡು ಅಂದರೆ ಬೇಕು. ಬೊಡ್ಚಿ ಅಂದರೆ ಬೇಡ. ನನ ಒಂತೆ ಅಂದರೆ ಇನ್ನೂ ಸ್ವಲ್ಪ. ಯಾವು ಅಂದರೆ ಸಾಕು. ನಾಲ್ಕು ವರ್ಷದ ಮಗ ಎರಡೇ ದಿನದಲ್ಲಿ ಕಲಿತ. ತುಪ್ಪದ ಚಮಚ ಹಿಡಿದು ನಿಂತಾಗ "ನನ ಒಂತೆ" ಅನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ, ಅಲ್ವಾ?

ಆಮೇಲೆ ತಟ್ಟೆಯಲ್ಲಿರುವುದರ ಹೆಸರುಗಳು ಒಂದೊಂದಾಗಿ ಬಂದವು. ಅಕ್ಕಿ ಅರಿ, ಅನ್ನ ನುಪ್ಪು, ಪಲ್ಯ ಸಾರು ಎಲ್ಲ ಸೇರಿ ಕಜಿಪು. ಹಾಲು ಪೇರ್, ಮೆಣಸಿನಕಾಯಿ ಮುಂಚಿ, ತೆಂಗಿನಕಾಯಿ ತಾರಾಯಿ. "ನುಪ್ಪು ಪಾಡೊಡಾ?" ಅಂತ ಕೇಳಿದರೆ ಅನ್ನ ಹಾಕಲಾ ಅಂತ. ಒಂದು ತಿಂಗಳಲ್ಲಿ ಊಟದ ಹೊತ್ತು ತಾನೇ ತುಳುವಿನ ಹೊತ್ತಾಯಿತು. ತಟ್ಟೆ ಇಟ್ಟ ಸದ್ದು ಕೇಳಿದರೆ ಮಕ್ಕಳ ನಾಲಿಗೆ ತಿರುಗುತ್ತದೆ.

ಊಟ ನಿಮಗೆ ಆಗದಿದ್ದರೆ ಸ್ನಾನ ಇರಲಿ. ಮಲಗುವಾಗಿನ ಕತೆ ಇರಲಿ. ವ್ಯಾನ್ ಬರುವ ತನಕ ಗೇಟಿನ ಹತ್ತಿರ ನಿಲ್ಲುವ ಹತ್ತು ನಿಮಿಷ ಇರಲಿ. ಯಾವುದೇ ಆಗಲಿ, ಅದು ಪಾಠ ಆಗಬಾರದು. "ಬಾ, ತುಳು ಕಲಿಯೋಣ" ಅಂತ ಕೂರಿಸಿದರೆ ಅದೂ ಟ್ಯೂಷನ್ ಸಾಲಿಗೆ ಸೇರುತ್ತದೆ. ಮೊದಲ ಕೆಲಸ ಗಟ್ಟಿಯಾಗಲು ಎರಡು ತಿಂಗಳು ಕೊಡಿ. ಆಮೇಲೆ ಎರಡನೆಯದು.

ಹೆಜ್ಜೆ 3: ಮನೆಯವರ ನಡುವೆ ಒಪ್ಪಂದ

ನನ್ನ ಗಂಡ ದಾವಣಗೆರೆ ಕಡೆಯವರು. ಅವರ ಮಾತು ಕನ್ನಡ. ಅವರ ಅಮ್ಮನ ಕನ್ನಡ ನಮ್ಮ ಮಕ್ಕಳಿಗೆ ಬಂದಿರುವುದು ನನಗೆ ನಿಜಕ್ಕೂ ಖುಷಿ. ತುಳು ಉಳಿಯಬೇಕಾದರೆ ಕನ್ನಡ ತಗ್ಗಬೇಕಾಗಿಲ್ಲ. ಮಕ್ಕಳಿಗೆ ಎರಡೂ ಬೇಕು, ಎರಡಕ್ಕೂ ತಲೆಯಲ್ಲಿ ಜಾಗವಿದೆ. ನಮ್ಮ ಒಪ್ಪಂದ ಇಷ್ಟೇ: ಅವರು ಮಕ್ಕಳ ಜೊತೆ ಕನ್ನಡ, ನಾನು ತುಳು. ರಾತ್ರಿ ಊಟಕ್ಕೆ ಮಾತ್ರ ಅವರೂ ತುಳು. ಅವರು ಇಪ್ಪತ್ತು ಮಾತು ಕಲಿತರು. ತಪ್ಪಾಗಿ ಆಡುತ್ತಾರೆ. ಅಪ್ಪನನ್ನು ತಿದ್ದುವ ಕೆಲಸ ಮಗಳಿಗೆ ಸಿಕ್ಕಿತು. ಅದರಿಂದ ಅವಳ ತುಳು ಎಷ್ಟು ಬೆಳೆಯಿತು ಅಂದರೆ, ಅದಕ್ಕಾಗಿ ನಾನು ಬೇರೆ ಏನೂ ಮಾಡಬೇಕಾಗಲಿಲ್ಲ.

ಗಂಡ ಹೆಂಡತಿ ಇಬ್ಬರೂ ತುಳುವರಾದರೆ ಇನ್ನೊಂದು ತೊಂದರೆ ಬರಬಹುದು. ತುಳು ಒಂದೇ ಬಗೆಯಲ್ಲ. ತಲೆಗೆ ಒಬ್ಬರು ತರೆ ಅನ್ನುತ್ತಾರೆ, ಇನ್ನೊಬ್ಬರು ಸರೆ, ಮತ್ತೊಬ್ಬರು ಹರೆ. ನೋಡು ಅನ್ನಲು ತೂಲ, ಸೂಲ ಎರಡೂ ಇವೆ. ಊರು, ಜಾತಿ, ಮನೆತನಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಯಾವುದು ಸರಿಯಾದ ತುಳು ಅನ್ನುವ ವಾದ ಮಗುವಿನ ಮುಂದೆ ಬೇಡವೇ ಬೇಡ. ಅಮ್ಮನ ಹತ್ತಿರ ಒಂದು ಥರ, ಅಪ್ಪನ ಹತ್ತಿರ ಒಂದು ಥರ ಅಂತ ಮಗು ತಾನೇ ಹೊಂದಿಸಿಕೊಳ್ಳುತ್ತದೆ.

ಮನೆಮಾತಿನಿಂದ ಮಗುವಿಗೆ ಗೊಂದಲವಾಗುತ್ತದೆ, ಮಾತು ತಡವಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಎರಡು ಮೂರು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಮಗು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸಿದರೆ ಅದು ಕಲಿಯುತ್ತಿರುವ ಗುರುತು. ಮಾತು ನಿಜವಾಗಿ ತಡವಾಗಿದೆ ಅನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ. ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ, ಮನೆಯಲ್ಲಿ ಯಾವ ಯಾವ ಭಾಷೆ ಇದೆ ಅಂತ ಹೇಳಿ. ಹೆದರಿಕೊಂಡು ಮನೆಮಾತು ಬಿಡಬೇಡಿ.

ಹೆಜ್ಜೆ 4: ಮಗು ಕನ್ನಡದಲ್ಲಿ ಉತ್ತರ ಕೊಟ್ಟಾಗ

ಬಹಳ ಜನ ಕೈಬಿಡುವುದು ಇಲ್ಲೇ. ನೀವು ತುಳುವಿನಲ್ಲಿ ಕೇಳುತ್ತೀರಿ, ಮಗು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತದೆ. ಒಂದು ವಾರ, ಎರಡು ವಾರ. ಆಮೇಲೆ ನಿಮಗೇ ಬೇಸರ ಬಂದು ನೀವೂ ಕನ್ನಡಕ್ಕೆ ಬರುತ್ತೀರಿ.

ಬರಬೇಡಿ. ನೀವು ತುಳುವಿನಲ್ಲೇ ಇರಿ. ಮಗು "ನಂಗೆ ನೀರು ಬೇಕು" ಅಂದರೆ, "ನೀರ್ ಬೋಡಾ? ಇಂದಾ, ಪರ್ಲ" ಅಂತ ಕೊಟ್ಟುಬಿಡಿ. ತಗೋ, ಕುಡಿ ಅಂತ. ಅದರ ಮಾತನ್ನೇ ನಿಮ್ಮ ಭಾಷೆಯಲ್ಲಿ ಒಮ್ಮೆ ಆಡಿ ಮುಂದೆ ಹೋಗುವುದು. "ತುಳುಟು ಪನ್ಲ", ಅಂದರೆ ತುಳುವಿನಲ್ಲಿ ಹೇಳು, ಅಂತ ಪ್ರತಿಸಲ ತಡೆದರೆ ಮಗು ಹೇಳಬೇಕಿದ್ದನ್ನೇ ಹೇಳದೆ ಸುಮ್ಮನಾಗುತ್ತದೆ. ಬಾಯಾರಿದ ಮಗುವಿಗೆ ನೀರು ಮುಖ್ಯ.

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇರುವ ಹಾಗೆ ಕೇಳುವುದು ಇನ್ನೊಂದು ಉಪಾಯ. "ದಾನೆ ಬೋಡು?" ಅಂದರೆ, ಏನು ಬೇಕು ಅಂತ ಕೇಳಿದರೆ, ಮಗು ತಾನೇ ಮಾತು ಹುಡುಕಬೇಕು. ಹುಡುಕಿ ಸಿಗದಿದ್ದರೆ ಕನ್ನಡವೇ ಬರುತ್ತದೆ. "ಪೇರ್ ಬೋಡಾ, ನೀರ್ ಬೋಡಾ?" ಅಂತ ಕೇಳಿದರೆ ಎರಡರಲ್ಲಿ ಒಂದನ್ನು ಎತ್ತಿಕೊಂಡರಾಯಿತು. ನನ್ನ ಮಗಳ ಬಾಯಿಂದ ಮೊದಲು ಹೊರಟ ತುಳು ಉತ್ತರ ಇದೇ. ಪೇರ್ ಅಂದಳು. ಅಷ್ಟೇ. ನಾನು ಹಾಲು ಕೊಟ್ಟು ಅಡುಗೆಮನೆಗೆ ಹೋಗಿ ಒಬ್ಬಳೇ ನಕ್ಕೆ. ಅವಳ ಮುಂದೆ ಕುಣಿದಿದ್ದರೆ ಮರುದಿನ ನಾಚಿಕೊಂಡು ಆಡುತ್ತಿರಲಿಲ್ಲ.

ಈಗ ನೆಂಟರ ವಿಷಯ. ನಾನು ಕಂಡಂತೆ ಇದರಷ್ಟು ಹಾನಿ ಮಾಡುವುದು ಬೇರೆ ಯಾವುದೂ ಇಲ್ಲ. ತುಳುವಿನಲ್ಲಿ ಒಂದು ಸೂಕ್ಷ್ಮ ಇದೆ. "ಯಾನ್ ಬತ್ತೆ" ಅಂದರೆ ನಾನು ಬಂದೆ. "ಆಯೆ ಬತ್ತೆ" ಅಂದರೆ ಅವನು ಬಂದ. ಕನ್ನಡ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತದೆ. ಆದರೆ ನಾನು ಬಂದೆ ಅನ್ನುವಾಗ ಕೊನೆಯ ಎಕಾರಕ್ಕೆ ಬಾಯಿ ಜಾಸ್ತಿ ತೆರೆಯುತ್ತದೆ. ಕೇಳಿಕೇಳಿಯೇ ಬರಬೇಕಾದ್ದು ಅದು. ಊರಿನ ಒಂದು ಮದುವೆಯಲ್ಲಿ ಮಗಳು ಧೈರ್ಯ ಮಾಡಿ "ಯಾನ್ ಬತ್ತೆ" ಅಂದಳು. ಆದರೆ ಎಕಾರ "ಅವನು ಬಂದ" ಅನ್ನುವಾಗಿನ ಎಕಾರವಾಗಿತ್ತು. ಸುತ್ತ ನಿಂತಿದ್ದ ಹಿರಿಯರೆಲ್ಲ ನಕ್ಕರು. ಒಬ್ಬರು ಇನ್ನೊಮ್ಮೆ ಹೇಳು ಅಂತ ಬೇರೆಯವರನ್ನೂ ಕರೆದರು. ಪ್ರೀತಿಯಿಂದಲೇ ನಕ್ಕಿರಬಹುದು. ಮಗಳು ಮುಂದೆ ಎಂಟು ತಿಂಗಳು ಬಾಯಿ ಬಿಡಲಿಲ್ಲ.

ಅದಕ್ಕೇ ಈಗ ಊರಿಗೆ ಹೊರಡುವ ಮೊದಲೇ ಫೋನ್ ಮಾಡಿ ಹೇಳಿಬಿಡುತ್ತೇನೆ. ತಪ್ಪಾಡಿದರೆ ನಗಬೇಡಿ, ತಿದ್ದಬೇಡಿ, ಹಾಡು ಹೇಳು ಮಾತಾಡು ಅಂತ ಎದುರು ನಿಲ್ಲಿಸಬೇಡಿ, ಕನ್ನಡಕ್ಕೆ ಮಾತ್ರ ತಿರುಗಬೇಡಿ. ನಾಲ್ಕೇ ವಿನಂತಿ. ಹೆಚ್ಚಿನವರು ಕೇಳುತ್ತಾರೆ. ಕೇಳದವರ ಮನೆಗೆ ಸ್ವಲ್ಪ ಕಡಿಮೆ ಹೋಗುತ್ತೇವೆ.

ಮಕ್ಕಳಿಗೆ ಭಾಷೆಯೊಳಗಿನ ಚಂದವನ್ನೂ ತೋರಿಸಿ. ಕನ್ನಡದ ನಾವು ಅನ್ನುವುದಕ್ಕೆ ತುಳುವಿನಲ್ಲಿ ಎರಡು ಮಾತಿದೆ. "ನಮ ಪೋಪ" ಅಂದರೆ ನಾವು ಹೋಗುತ್ತೇವೆ, ಕೇಳುತ್ತಿರುವ ನೀನೂ ಸೇರಿ. "ಎಂಕುಲು ಪೋಪ" ಅಂದರೆ ನಾವು ಹೋಗುತ್ತೇವೆ, ನಿನ್ನನ್ನು ಬಿಟ್ಟು. ನಮ್ಮ ಮನೆಯಲ್ಲಿ ಇದೊಂದು ಆಟವೇ ಆಗಿದೆ. ನಾನು ಚಪ್ಪಲಿ ಹಾಕಿಕೊಂಡು "ಎಂಕುಲು ಪೋಪ" ಅಂದರೆ ಮಗ ಓಡಿ ಬಂದು ಕೈ ಹಿಡಿದು "ನಮ! ನಮ!" ಅಂತ ಕೂಗುತ್ತಾನೆ.

ಹೆಜ್ಜೆ 5: ಅಜ್ಜಿಗೂ ಕೆಲಸ ಕೊಡಿ, ಅವರ ಮಾತು ಇಟ್ಟುಕೊಳ್ಳಿ

ವಿಡಿಯೋ ಕಾಲ್ ಮಾಡಿ "ಅಜ್ಜಿ ಜೊತೆ ಮಾತಾಡು" ಅಂತ ಮಗುವಿನ ಕೈಗೆ ಫೋನ್ ಕೊಟ್ಟರೆ ಎರಡು ಕಡೆಯೂ ಪೇಚು. ಮಾತಾಡಲು ಒಂದು ವಿಷಯ ಬೇಕು. ಭಾನುವಾರ ಅಜ್ಜಿ ಪುಂಡಿ ಮಾಡುವಾಗ ಇಲ್ಲಿ ನಾವೂ ಹಿಟ್ಟು ಕಲಸುತ್ತೇವೆ. ಫೋನ್ ಡಬ್ಬಿಗೆ ಒರಗಿಸಿ ಇಟ್ಟಿರುತ್ತೇವೆ. ನೀರು ಜಾಸ್ತಿಯಾಯಿತಾ, ಉಂಡೆ ಎಷ್ಟು ದೊಡ್ಡದು ಅಂತ ಮಗಳೇ ಕೇಳಬೇಕಾಗುತ್ತದೆ. ವಾರದ ದಿನ ಅಷ್ಟು ಹೊತ್ತು ಇರುವುದಿಲ್ಲ. ಆಗ ಅಜ್ಜಿ ಒಂದು ಎದುರುಕತೆ, ಅಂದರೆ ಒಗಟು, ಹೇಳಿ ಫೋನ್ ಇಡುತ್ತಾರೆ. ಉತ್ತರ ನಾಳೆ. ಮರುದಿನ ಎಂಟೂವರೆಗೆ ಫೋನ್ ಎತ್ತಲು ಮಕ್ಕಳೇ ಓಡುತ್ತಾರೆ.

ಇದರ ಜೊತೆಗೆ ರೆಕಾರ್ಡಿಂಗ್ ಶುರುಮಾಡಿ. ಮುಂದಿನ ರಜೆಗೆ ಅಂತ ದೂಡಬೇಡಿ. ಮೊದಲು ಅಜ್ಜಿಯ ಒಪ್ಪಿಗೆ ಕೇಳಿ, ಯಾರಿಗೆಲ್ಲ ಕೇಳಿಸಬಹುದು ಅಂತಲೂ ಕೇಳಿ. ಫ್ಯಾನ್, ಟಿವಿ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಬಟ್ಟೆಯ ಮೇಲೆ ಅವರಿಂದ ಒಂದು ಮೊಳ ದೂರದಲ್ಲಿ ಇಡಿ. ಒಂದು ಸಲಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಶುರುವಿನಲ್ಲಿ ತಾರೀಕು, ಊರು, ಹೆಸರು ಹೇಳಿ. ಫೈಲಿಗೂ ಅದೇ ಹೆಸರು ಕೊಡಿ. ಫೋನಿನಲ್ಲಿ ಒಂದು ಪ್ರತಿ, ಬೇರೆ ಕಡೆ ಇನ್ನೊಂದು ಪ್ರತಿ ಇರಲಿ.

"ಹಳೇ ಕಾಲದ ಬಗ್ಗೆ ಹೇಳಿ" ಅಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ಸಣ್ಣದಾಗಿ ಕೇಳಿ. ನಿಮ್ಮ ಗದ್ದೆಯಲ್ಲಿ ತಗ್ಗಿನ ಬೈಲು ಯಾವುದು, ನಡುವಿನ ಮಜಲು ಯಾವುದು, ಎತ್ತರದ ಬೆಟ್ಟು ಯಾವುದು? ಮಳೆಗಾಲದ ಬೆಳೆ ಏಣೆಲಿಗೆ ಯಾವ ಭತ್ತ ಹಾಕುತ್ತಿದ್ದಿರಿ, ಎರಡನೇ ಬೆಳೆ ಸುಗ್ಗಿಗೆ ಯಾವುದು, ಬೇಸಗೆಯ ಕೊಳಕೆ ಬೆಳೆಗೆ ನೀರು ಎಲ್ಲಿಂದ? ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಅಂತ ತಿಂಗಳು ಎಣಿಸುವಾಗ ಯಾವ ತಿಂಗಳಿಗೆ ಏನು ಕೆಲಸ? ನನ್ನ ಅಮ್ಮ ಕೊಳಕೆ ಬೆಳೆಯ ವಿಷಯ ಒಂದೇ ನಲವತ್ತು ನಿಮಿಷ ಮಾತಾಡಿದರು. ಅದರಲ್ಲಿದ್ದ ಎಷ್ಟೋ ಮಾತು ನನಗೇ ಹೊಸದು. ಗದ್ದೆ ಈಗ ಅಡಿಕೆ ತೋಟವಾಗಿದೆ. ಆ ಮಾತುಗಳಿಗೆ ಇನ್ನು ಇರಲು ಜಾಗ ಅಮ್ಮನ ಬಾಯಿ ಮತ್ತು ನನ್ನ ಫೋನು ಮಾತ್ರ.

ಒಬ್ಬರ ನೆನಪಿನಲ್ಲಿ ಎಷ್ಟು ಇರಬಹುದು ಗೊತ್ತೇ? ಬೆಳ್ತಂಗಡಿ ತಾಲೂಕಿನವರೇ ಆದ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು, ಅಂದರೆ ಸಿರಿ ಎಂಬವಳ ಕತೆ ಹೇಳುವ ಉದ್ದದ ಹಾಡನ್ನು, ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಮತ್ತು ಇಲ್ಲಿನ ವಿದ್ವಾಂಸರು 1990ರಲ್ಲಿ ದಾಖಲಿಸಿದರು. ಬರೆದಿಟ್ಟಾಗ ಅದು 15,683 ಸಾಲು ಆಯಿತು. ಎಲ್ಲ ಅಜ್ಜಿಯರೂ ಹಾಗೆ ಹಾಡುವವರಲ್ಲ. ಆದರೆ ನಾಟಿ ಮಾಡುವಾಗ ಹೇಳುತ್ತಿದ್ದ ಕಬಿತದ ನಾಲ್ಕು ಸಾಲು ಬಹಳ ಮನೆಗಳಲ್ಲಿ ಇನ್ನೂ ಇದೆ. ದೈವದ ಪಾಡ್ದನಗಳ ವಿಷಯದಲ್ಲಿ ಮಾತ್ರ ಹಿರಿಯರು ಬೇಡ ಅಂದರೆ ಬಿಟ್ಟುಬಿಡಿ. ಎಲ್ಲವನ್ನೂ ಎಲ್ಲ ಕಡೆ ಹಾಡುವುದಿಲ್ಲ.

ಹೆಜ್ಜೆ 6: ಬರೆಯುವುದು

ತುಳು ಬರೆಯಲು ಲಿಪಿ ಬರಲಿ ಅಂತ ಕಾಯಬೇಡಿ. ಕನ್ನಡ ಅಕ್ಷರ ಸಾಕು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 19ನೇ ಶತಮಾನದಲ್ಲೇ ಕನ್ನಡ ಲಿಪಿಯಲ್ಲಿ ತುಳು ಅಚ್ಚು ಹಾಕಿದ್ದರು. ತುಳು ತಿಗಳಾರಿ ಲಿಪಿ 2024ರಲ್ಲಿ ಯುನಿಕೋಡಿಗೆ ಸೇರಿದೆ, ಅದು ದೊಡ್ಡ ಸಂತೋಷ. ಮಗಳು ತನ್ನ ಹೆಸರನ್ನು ಆ ಲಿಪಿಯಲ್ಲಿ ಬರೆಯಲು ಕಲಿತಿದ್ದಾಳೆ. ಆದರೆ ದಿನದ ಬರಹಕ್ಕೆ ಅವಳಿಗೆ ಈಗಾಗಲೇ ಬರುವ ಅಕ್ಷರವೇ ಸುಲಭ.

ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿ. ಅಂಗಡಿ ಸಾಮಾನಿನ ಪಟ್ಟಿ ತುಳುವಿನಲ್ಲಿ ಬರೆಸಿ. ಮನೆಯ ವಾಟ್ಸಾಪ್ ಗುಂಪಿನಲ್ಲಿ ತುಳುವಿನಲ್ಲೇ ಟೈಪ್ ಮಾಡಿ. ಕನ್ನಡ ಕೀಬೋರ್ಡ್ ಕೆಲವು ಮಾತುಗಳನ್ನು ತಿದ್ದಲು ನೋಡುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ತಾನಾಗಿ ತಿದ್ದುವುದನ್ನು ನಿಲ್ಲಿಸಿ, ಇಲ್ಲವೇ ನಿಮ್ಮ ಮಾತುಗಳನ್ನು ಅದರ ಪದಪಟ್ಟಿಗೆ ಸೇರಿಸಿ.

ಸಂಶಯ ಬಂದರೆ ನೋಡಲು ಒಳ್ಳೆಯ ಆಸರೆ ಇದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು ಬಂದಿದೆ. ತುಳು ವಿಕಿಪೀಡಿಯ 2016ರಿಂದ ಇದೆ, ದೊಡ್ಡ ಮಕ್ಕಳಿಗೆ ತಮ್ಮ ಊರಿನ ಬಗ್ಗೆ ಅಲ್ಲಿ ನಾಲ್ಕು ಸಾಲು ಬರೆಯುವ ಕೆಲಸ ಕೊಡಬಹುದು. 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟಿಗೂ ತುಳು ಬಂತು. ಅದು ಕೊಟ್ಟದ್ದನ್ನು ಅಜ್ಜಿಗೆ ಓದಿ ಹೇಳಿ. ಅಜ್ಜಿ ಒಪ್ಪಿದ ಮೇಲೆ ಮಗುವಿಗೆ ಕಲಿಸಿ.

ಹೆಜ್ಜೆ 7: ನಾಲ್ಕು ಮನೆ ಸೇರಿಸಿ

ಅಮ್ಮನ ಜೊತೆ ಮಾತ್ರ ಆಡುವ ಭಾಷೆ ಹತ್ತು ವರ್ಷ ದಾಟುವಾಗ ಸೊರಗುತ್ತದೆ. ತನ್ನ ವಯಸ್ಸಿನವರೂ ಅದನ್ನು ಆಡುತ್ತಾರೆ ಅಂತ ಮಗುವಿಗೆ ಕಾಣಬೇಕು. ನ್ಯೂಜಿಲೆಂಡಿನ ಮಾವೊರಿ ಜನ ಇದನ್ನು ಚೆನ್ನಾಗಿ ಅರಿತಿದ್ದರು. ಅವರ ಭಾಷೆ ಮನೆಗಳಿಂದ ಮರೆಯಾಗುತ್ತಿದ್ದಾಗ, 1982ರಲ್ಲಿ, ಇನ್ನೂ ಶಾಲೆ ಸೇರದ ಮಕ್ಕಳನ್ನು ಭಾಷೆ ಬಲ್ಲ ಅಜ್ಜ ಅಜ್ಜಿಯರ ಜೊತೆ ಬಿಡುವ ಶಿಶುಮನೆಗಳನ್ನು ಶುರುಮಾಡಿದರು. ಕೊಹಾಂಗ ರೆಯೊ ಅಂತ ಅದರ ಹೆಸರು. ಭಾಷೆಯ ಗೂಡು ಅಂತ ಅರ್ಥ. ಅಲ್ಲಿ ಪಾಠ ಇರಲಿಲ್ಲ. ಉಣ್ಣುವುದು, ಆಡುವುದು, ಮಲಗುವುದು ಎಲ್ಲ ಆ ಭಾಷೆಯಲ್ಲಿ.

ನಮ್ಮಿಂದ ಅಷ್ಟು ಆಗದು. ನಾವು ನಾಲ್ಕು ಮನೆಯವರು ಎರಡು ವಾರಕ್ಕೊಮ್ಮೆ ಭಾನುವಾರ ಮೂರು ತಾಸು ಸೇರುತ್ತೇವೆ. ಸರದಿಯಲ್ಲಿ ಒಬ್ಬೊಬ್ಬರ ಮನೆ. ಊರಿಂದ ಬಂದ ಅಜ್ಜಿಯೋ ಅಜ್ಜನೋ ಯಾರ ಮನೆಯಲ್ಲಿದ್ದರೂ ಆ ವಾರ ಅಲ್ಲೇ. ಸ್ಟೇಜು, ಭಾಷಣ, ಮಕ್ಕಳ ಕಾರ್ಯಕ್ರಮ ಬೇಡ ಅಂತ ಮೊದಲೇ ತೀರ್ಮಾನ. ಮಕ್ಕಳು ಚೆನ್ನೆಮಣೆ ಆಡುತ್ತಾರೆ. ಹದಿನಾಲ್ಕು ಗುಳಿ, ಒಂದೊಂದಕ್ಕೆ ನಾಲ್ಕು ಮಂಜೊಟ್ಟಿ ಕಾಯಿ. ಒಂಜಿ, ರಡ್ಡ್, ಮೂಜಿ, ನಾಲ್ ಅಂತ ಎಣಿಸಿ ಎಣಿಸಿ ಅಂಕಿ ಬಾಯಿಗೆ ಕೂತವು. ಮಂಜೊಟ್ಟಿ ಸಿಗದಿದ್ದರೆ ಹುಣಸೆ ಬೀಜ ಆದೀತು. ಚೆನ್ನೆ ಆಡುತ್ತ ಜಗಳವಾಗಿ ಸತ್ತ ಅಕ್ಕತಂಗಿ ಅಬ್ಬಗ ದಾರಗರ ಕತೆ ನೆನೆದು ಅಕ್ಕತಂಗಿಯರು ಎದುರುಬದುರು ಚೆನ್ನೆ ಆಡಬಾರದು ಅಂತ ನಮ್ಮ ಕಡೆ ಹೇಳುತ್ತಾರೆ. ಅದನ್ನೂ ಪಾಲಿಸುತ್ತೇವೆ. ಒಂದು ಮನೆಯ ಮಗು ಇನ್ನೊಂದು ಮನೆಯ ಮಗುವಿನ ಜೊತೆ ಆಡಬೇಕಾಗುತ್ತದೆ, ಮಾತು ಜಾಸ್ತಿಯಾಗುತ್ತದೆ.

ಆಟಿ ತಿಂಗಳಲ್ಲಿ ಪತ್ರೊಡೆ ಮಾಡುತ್ತೇವೆ. ಆಟಿ ಅಮಾಸೆಯ ದಿನ ಕುಡಿಯುವ ಪಾಲೆ ಕಷಾಯಕ್ಕೆ ಮಾತ್ರ ನಗರದಲ್ಲಿ ನೀವೇ ಮರದ ತೊಗಟೆ ಕೆತ್ತಿ ತರಲು ಹೋಗಬೇಡಿ. ಮರ ಗುರುತು ತಪ್ಪಿದರೆ ಅಪಾಯ. ಗೊತ್ತಿದ್ದವರು ತಂದರೆ ಕುಡಿಯಿರಿ.

ದೊಡ್ಡ ರಜೆಯಲ್ಲಿ ಮಕ್ಕಳನ್ನು ಊರಿಗೆ ಬಿಡಿ, ಸಾಧ್ಯವಾದರೆ ನೀವು ಜೊತೆಗಿರಬೇಡಿ. ಅಮ್ಮ ಇದ್ದರೆ ಅನುವಾದಕ್ಕೆ ಅಮ್ಮನನ್ನೇ ನೋಡುತ್ತಾರೆ. ಹೋದ ವರ್ಷ ಮಗಳು ಇಪ್ಪತ್ತೆರಡು ದಿನ ಅಜ್ಜಿಯ ಮನೆಯಲ್ಲಿದ್ದಳು. ಕರೆತರಲು ಹೋದಾಗ ಅಂಗಳದಲ್ಲಿ ಪಕ್ಕದ ಮನೆಯ ಹುಡುಗನ ಜೊತೆ ಜಗಳ ಆಡುತ್ತಿದ್ದಳು, ಪೂರ್ತಿ ತುಳುವಿನಲ್ಲಿ. ಎಕಾರ ಎಲ್ಲ ಸರಿಯಾಗಿತ್ತು.

ಹದಿಹರೆಯದ ಮಕ್ಕಳಿಗೆ ಈ ದಾರಿ ನಡೆಯುವುದಿಲ್ಲ. ಅವರಿಗೆ ತುಳು ಸಿನಿಮಾ, ನಾಟಕ, ತಮಾಷೆ ವಿಡಿಯೋಗಳೇ ಬಾಗಿಲು. ನಿಮ್ಮ ಜೊತೆ ನೋಡಲಿ. ನಕ್ಕದ್ದು ಯಾಕೆ ಅಂತ ನೀವೇ ಅವರನ್ನು ಕೇಳಿ.

ಹೆಜ್ಜೆ 8: ಶಾಲೆ, ಸರ್ಕಾರ, ಗಣತಿ

"ಮನೆಯಲ್ಲೂ ಇಂಗ್ಲಿಷ್ ಮಾತಾಡಿ" ಅಂತ ಮಗಳ ಶಾಲೆಯಲ್ಲಿ ನನಗೆ ಹೇಳಿದ್ದರು. ಆಗ ತಲೆಯಾಡಿಸಿ ಬಂದೆ. ಈಗ ಹಾಗಾದರೆ ಶಾಂತವಾಗಿ ಹೇಳುತ್ತೇನೆ: ಇಂಗ್ಲಿಷ್ ನೀವು ಚೆನ್ನಾಗಿ ಕಲಿಸುತ್ತೀರಿ, ತುಳು ಕಲಿಸಲು ನಾನಲ್ಲದೆ ಬೇರೆ ಯಾರೂ ಇಲ್ಲ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿಯೇ ಹೇಳುತ್ತದೆ. ಕರಾವಳಿಯ ಕೆಲವು ಶಾಲೆಗಳಲ್ಲಿ ಆರನೇ ತರಗತಿಯಿಂದ ತುಳುವನ್ನು ಮೂರನೇ ಭಾಷೆಯಾಗಿ ಓದಬಹುದು. ನೀವು ಊರಿನ ಕಡೆ ಇದ್ದರೆ ಶಾಲೆಯಲ್ಲಿ ವಿಚಾರಿಸಿ. ತುಳು ಸಾಹಿತ್ಯ ಅಕಾಡೆಮಿ 1994ರಿಂದ ಮಂಗಳೂರಿನಲ್ಲಿದೆ. ಪುಸ್ತಕ, ಮಾಹಿತಿ ಬೇಕಾದರೆ ಅಲ್ಲಿ ಕೇಳಿ.

ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ 22 ಭಾಷೆಗಳಿವೆ, ತುಳು ಇಲ್ಲ, ಕೊಡವ ಇಲ್ಲ. ಅದಕ್ಕಾಗಿ ನಡೆಯುವ ಹೋರಾಟದ ಜೊತೆ ನಾನಿದ್ದೇನೆ. ಆದರೆ ರಾತ್ರಿ ಊಟ ಅದಕ್ಕಾಗಿ ಕಾಯುವುದಿಲ್ಲ.

ಜನಗಣತಿಯನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಮುಂದಿನ ಗಣತಿ 2027ಕ್ಕೆ ನಿಗದಿಯಾಗಿದೆ. ಹಿಂದಿನ ಗಣತಿಗಳಲ್ಲಿ ಮನೆಯ ಪ್ರತಿಯೊಬ್ಬರ ತಾಯ್ನುಡಿ ಬೇರೆ ಬೇರೆಯಾಗಿ ಬರೆದುಕೊಂಡಿದ್ದಾರೆ. ಚಿಕ್ಕಂದಿನಲ್ಲಿ ತಾಯಿ ನಮ್ಮ ಜೊತೆ ಆಡಿದ ಮಾತು ಯಾವುದೋ ಅದೇ ತಾಯ್ನುಡಿ ಅಂತ ಅವರ ಲೆಕ್ಕ. ಗೊತ್ತಿರುವ ಬೇರೆ ಎರಡು ಭಾಷೆ ಬರೆಸಲು ಬೇರೆ ಜಾಗ ಇರುತ್ತಿತ್ತು. ಕರ್ನಾಟಕದವರಲ್ವಾ ಅಂತ ತಾವೇ ಕನ್ನಡ ಅಂತ ಬರೆದುಕೊಳ್ಳುವವರೂ ಇರಬಹುದು. ನಾನು ತುಳು ಅನ್ನುತ್ತೇನೆ, ನನ್ನ ಗಂಡ ಕನ್ನಡ ಅನ್ನುತ್ತಾರೆ, ಮಕ್ಕಳಿಗೆ ತುಳು, ಅವರ ಎರಡನೇ ಭಾಷೆ ಕನ್ನಡ. ನೀವೂ ನಿಜ ಏನಿದೆಯೋ ಅದನ್ನೇ ಬರೆಸಿ. ಅವರು ಬರೆದದ್ದನ್ನು ಒಮ್ಮೆ ಓದಿ ಹೇಳಲು ಕೇಳಿ. ಗಣತಿಯವರು ಹಗಲು ಬರುತ್ತಾರೆ, ಆಗ ನೀವು ಆಫೀಸಿನಲ್ಲಿರಬಹುದು. ಬಾಗಿಲು ತೆರೆಯುವುದು ಅತ್ತೆಯೋ ಮಾವನೋ ಆದರೆ ಅವರಿಗೆ ಮೊದಲೇ ಹೇಳಿಡಿ. ನಾನು ಒಂದು ಚೀಟಿ ಬರೆದು ಬಾಗಿಲ ಹಿಂದೆ ಅಂಟಿಸಲಿದ್ದೇನೆ.